ಥೈರಾಯ್ಡ್ ಮಾತ್ರೆ ಮೊದಲು, ಕಾಫಿ ಆಮೇಲೆ

ರಕ್ತ ಪರೀಕ್ಷೆಯ ವರದಿಯಲ್ಲಿ ‘ಟಿಎಸ್‌ಎಚ್ 6.2’ ಎಂದು ದಪ್ಪಕ್ಷರದಲ್ಲಿ ಬಂದರೆ ಸಾಕು, ಇನ್ನು ಜೀವನಪೂರ್ತಿ ಮಾತ್ರೆಯೇ ಗತಿ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಹಾಗೇನೂ ಇಲ್ಲ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವ ಹಾರ್ಮೋನೇ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಸುರಿಸಿ ಥೈರಾಯ್ಡಿಗೆ ‘ಕೆಲಸ ಮಾಡು’ ಎನ್ನುತ್ತದೆ. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಆತುಕೊಂಡಿರುವ, 15–20 ಗ್ರಾಂ ತೂಗುವ ಥೈರಾಯ್ಡ್ ಆಗ ಅಯೋಡಿನ್ ಬಳಸಿ ಟಿ4 ಎಂಬ ತನ್ನ ಹಾರ್ಮೋನನ್ನು ತಯಾರಿಸುತ್ತದೆ. ಟಿ4 ಒಂದಿಷ್ಟು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಅಂದರೆ ಟಿಎಸ್‌ಎಚ್ ಜಾಸ್ತಿ ಬಂದರೆ ಗ್ರಂಥಿ ಮಂದವಾಗಿದೆ ಎಂದರ್ಥ. ಎಷ್ಟೋ ಜನ ಇದನ್ನು ತಿರುಗುಮುರುಗು ತಿಳಿದಿರುತ್ತಾರೆ.

ವಯಸ್ಕರಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4.5ರ ಒಳಗಿದ್ದರೆ ಸರಿ. 6.2 ಇದ್ದು ಟಿ4 ಸರಿಯಾಗಿದ್ದರೆ, ಎರಡು–ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸುವುದು ಜಾಣತನ. ಜ್ವರದಿಂದ ಚೇತರಿಸಿಕೊಳ್ಳುವಾಗಲೂ ಇದು ಏರಿ, ತಾನಾಗಿಯೇ ಇಳಿಯುವುದುಂಟು. ರಾತ್ರಿ ಹೆಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ತಗ್ಗುವುದರಿಂದ, ಎರಡೂ ಸಲ ಒಂದೇ ಹೊತ್ತಿನಲ್ಲಿ ರಕ್ತ ಕೊಡಬೇಕು. 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಬೇಕು. ನಡುವೆ ಇದ್ದರೆ ವಯಸ್ಸು, ರೋಗಲಕ್ಷಣ, ಟಿಪಿಒ ಪ್ರತಿಕಾಯಗಳು (ದೇಹವೇ ಥೈರಾಯ್ಡಿನ ಮೇಲೆ ತಿರುಗಿಬಿದ್ದಿರುವುದರ ಗುರುತು), ಗರ್ಭ ಧರಿಸುವ ಯೋಚನೆ ಇದೆಯೇ ಎಂಬುದನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ ಸ್ವಲ್ಪ ಹೆಚ್ಚಿರುವುದು ವಯೋಸಹಜ. ಅಂಥವರಿಗೆ ಅವಸರದಲ್ಲಿ ಮಾತ್ರೆ ಶುರುಮಾಡುವುದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚಾಗಬಹುದು.

ಅಯೋಡಿನ್ ಸಾಕಷ್ಟು ಸಿಗುವ ಕಡೆ ಗ್ರಂಥಿ ಮಂದವಾಗಲು ಮುಖ್ಯ ಕಾರಣ ಹಾಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ವರ್ಷಗಟ್ಟಲೆ ಹಾಳುಗೆಡವುತ್ತದೆ. ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಆಯಾಸ, ಎಲ್ಲರೂ ಸೆಖೆ ಎನ್ನುವಾಗಲೂ ಚಳಿ, ಮಲಬದ್ಧತೆ, ಒಣಚರ್ಮ, ಕೂದಲುದುರುವುದು, ಗೊಗ್ಗರು ದನಿ, ಮುಟ್ಟಿನಲ್ಲಿ ಅತಿಸ್ರಾವ ಇದರ ಲಕ್ಷಣಗಳು. ಕೊಲೆಸ್ಟರಾಲ್ ಕೂಡ ಏರುತ್ತದೆ. ಅದಕ್ಕೆ ಮಾತ್ರೆ ಶುರುಮಾಡುವ ಮುನ್ನ ಒಮ್ಮೆ ಟಿಎಸ್‌ಎಚ್ ನೋಡಿಸುವುದು ಒಳ್ಳೆಯದು. ಇನ್ನು ತೂಕದ ವಿಷಯ. ಥೈರಾಯ್ಡಿನಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಇಪ್ಪತ್ತು ಕಿಲೋ ಹೆಚ್ಚಿದ್ದರೆ ಪೂರ್ತಿ ಅಪವಾದವನ್ನು ಈ ಪುಟ್ಟ ಗ್ರಂಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಚಿಕಿತ್ಸೆ ಲೆವೊಥೈರಾಕ್ಸಿನ್ ಮಾತ್ರೆ. ದೇಹ ತಯಾರಿಸುವ ಟಿ4 ಕೂಡ ಇದೇ ಆದ್ದರಿಂದ ಅಳತೆ ಸರಿಯಿದ್ದರೆ ಅಡ್ಡಪರಿಣಾಮದ ಭಯ ಬೇಡ. ಗ್ರಂಥಿ ಪೂರ್ತಿ ನಿಂತವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೊಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 100ರ ಆಸುಪಾಸು. ಹೃದ್ರೋಗ ಇರುವವರಿಗೆ, ವಯಸ್ಸಾದವರಿಗೆ 12.5 ಅಥವಾ 25ರಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ.

‘ತಪ್ಪದೆ ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳೀತಿಲ್ಲ’ ಎಂಬ ದೂರಿಗೆ ಹಲವು ಸಲ ಕಾರಣ ಕಾಫಿ ಲೋಟದಲ್ಲಿರುತ್ತದೆ. ಮಾತ್ರೆ ನುಂಗಿ ಐದು ನಿಮಿಷಕ್ಕೇ ಕಾಫಿ ಕುಡಿದರೆ ಕರುಳು ಹೀರಿಕೊಳ್ಳುವ ಔಷಧದ ಪ್ರಮಾಣ ತಗ್ಗುತ್ತದೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿ–ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಆ್ಯಂಟಾಸಿಡ್ ಇವಕ್ಕೆ ನಾಲ್ಕು ಗಂಟೆಯ ಅಂತರ ಬೇಕು. ಅವು ಹೊಟ್ಟೆಯಲ್ಲೇ ಔಷಧಕ್ಕೆ ಅಂಟಿಕೊಂಡು ರಕ್ತ ಸೇರಲು ಬಿಡುವುದಿಲ್ಲ. ಬೆಳಗಿನ ಕಾಫಿಯನ್ನು ಮುಂದೂಡಲು ಆಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ತೆಗೆದುಕೊಳ್ಳಬಹುದು. ಯಾವುದಾದರೊಂದು ಹೊತ್ತು, ದಿನವೂ ಅದೇ ಹೊತ್ತು.

ಬಿಸಿಲು, ತೇವ ಎರಡೂ ಈ ಮಾತ್ರೆಗೆ ಆಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಮೇಲಿಟ್ಟ ಬಾಟಲಿಯ ಮಾತ್ರೆ ಅವಧಿಗೆ ಮುಂಚೆಯೇ ಸತ್ವ ಕಳೆದುಕೊಳ್ಳಬಹುದು. ಒದ್ದೆ ಕೈಯಲ್ಲಿ ಮುಟ್ಟದೆ, ಮುಚ್ಚಳ ಬಿಗಿಯಾಗಿ ಹಾಕಿ, ಕತ್ತಲಿರುವ ತಂಪು ಜಾಗದಲ್ಲಿಡಿ.

ಟಿ4ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು ಏಳು ದಿನ. ಅಳತೆ ಬದಲಿಸಿದ ಮೇಲೆ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಆದ್ದರಿಂದ ಪರೀಕ್ಷೆ 6–8 ವಾರದ ನಂತರವೇ. ಹದಿನೈದು ದಿನಕ್ಕೇ ಮಾಡಿಸಿದರೆ ದುಡ್ಡು ದಂಡ. ಟಿ4 ಕೂಡ ನೋಡುವುದಿದ್ದರೆ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಕನಿಷ್ಠ ಎರಡು–ಮೂರು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಕೆಲವು ಪರೀಕ್ಷಾ ವಿಧಾನಗಳಲ್ಲಿ ಬಯೋಟಿನ್ ಅಡ್ಡಬಂದು, ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ತೋರಿಸಿ, ಇಲ್ಲದ ಕಾಯಿಲೆ ಇದೆ ಎನಿಸುತ್ತದೆ.

ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳು ಗರ್ಭಿಣಿಯಾದರೆ ಅಳತೆ ಶೇ 25–30ರಷ್ಟು ಹೆಚ್ಚಬೇಕಾಗುತ್ತದೆ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂಬುದು ರೂಢಿಯಲ್ಲಿರುವ ಲೆಕ್ಕ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ, ಹಾಗಾಗಿ ಗರ್ಭ ಖಚಿತವಾದ ದಿನವೇ ವೈದ್ಯರಿಗೆ ತಿಳಿಸಿ. ಹುಟ್ಟಿದ ಮಗುವಿಗೆ 48–72 ಗಂಟೆಯಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುವುದನ್ನೂ ಕೇಳಿ ಮಾಡಿಸಿಕೊಳ್ಳಿ. ಥೈರಾಯ್ಡ್ ಹಾರ್ಮೋನಿನ ಜನ್ಮಜಾತ ಕೊರತೆಗೆ ಎರಡು ವಾರದೊಳಗೆ ಔಷಧ ಶುರುವಾದರೆ ಬುದ್ಧಿ ಬೆಳವಣಿಗೆ ಕುಂಠಿತವಾಗುವುದು ತಪ್ಪುತ್ತದೆ.

ಪಥ್ಯದ ಪಟ್ಟಿಗಳನ್ನು ಅಷ್ಟಾಗಿ ನಂಬಬೇಡಿ. ಅಯೋಡಿನ್ ಸಾಕಷ್ಟಿರುವವರು ಬೇಯಿಸಿದ ಎಲೆಕೋಸು, ಹೂಕೋಸು ಧಾರಾಳವಾಗಿ ತಿನ್ನಬಹುದು, ಸಜ್ಜೆ ರೊಟ್ಟಿಯನ್ನೂ ಬಿಡಬೇಕಿಲ್ಲ. ಗಮನಿಸಬೇಕಾದದ್ದು ಉಪ್ಪನ್ನು. ಬಳಸುವ ಹಂತದಲ್ಲಿ ಒಂದು ಗ್ರಾಂ ಉಪ್ಪಿನಲ್ಲಿ ಕನಿಷ್ಠ 15 ಮೈಕ್ರೊಗ್ರಾಂ ಅಯೋಡಿನ್ ಇರಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿ, ಗಳಗಂಡ (ಥೈರಾಯ್ಡ್ ಊದಿ ಕತ್ತು ದಪ್ಪವಾಗುವುದು) ಇಳಿಯುವುದನ್ನು ತೋರಿಸಿಕೊಟ್ಟ ಮೇಲೆಯೇ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು. ಆರೋಗ್ಯದ ಹೆಸರಿನಲ್ಲಿ ಅಡುಗೆಗೆಲ್ಲ ಸೈಂಧವ ಲವಣವನ್ನೇ ಬಳಸುವವರಿಗೆ ಈ ಅಯೋಡಿನ್ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗೆಂದು ಹಾಶಿಮೊಟೊ ಇರುವವರು ಅಯೋಡಿನ್ ಗುಳಿಗೆ ತಿಂದರೆ ಗ್ರಂಥಿ ಇನ್ನಷ್ಟು ಮಂದವಾಗಬಹುದು.

ಗ್ರಂಥಿ ಅತಿಯಾಗಿ ದುಡಿಯುವ ಕಾಯಿಲೆ ಇದಕ್ಕಿಂತ ಅಪರೂಪ, ಆದರೆ ಹೆಚ್ಚು ತುರ್ತಿನದು. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಚಾಚಿದ ಬೆರಳು ನಡುಗುತ್ತದೆ, ಬೆವರು, ಭೇದಿ, ನಿದ್ದೆಗೇಡು. ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹೀಗೆ ದುಡಿಸುವ ಗ್ರೇವ್ಸ್ ಕಾಯಿಲೆಯಾದರೆ ಕಣ್ಣುಗುಡ್ಡೆ ಮುಂದಕ್ಕೆ ಬರಬಹುದು. ಸಿಗರೇಟು ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಾರ್ಬಿಮಜೋಲ್ ಮಾತ್ರೆಯನ್ನು ಸಾಮಾನ್ಯವಾಗಿ 12–18 ತಿಂಗಳು ಕೊಡುತ್ತಾರೆ, ಎದೆಬಡಿತಕ್ಕೆ ಪ್ರೊಪ್ರನೊಲಾಲ್. ಬಿಟ್ಟ ಮೇಲೆ ಕಾಯಿಲೆ ಮರುಕಳಿಸಿದರೆ ವಿಕಿರಣ ಅಯೋಡಿನ್ ಇಲ್ಲವೇ ಶಸ್ತ್ರಚಿಕಿತ್ಸೆ. ಇವೆರಡರ ನಂತರ ಬಹಳ ಮಂದಿಗೆ ಲೆವೊಥೈರಾಕ್ಸಿನ್ ಬೇಕಾಗುತ್ತದೆ. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಿಬಿಡುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಮಾತ್ರೆ ತೆಗೆದುಕೊಳ್ಳುವಾಗ ಜ್ವರದೊಂದಿಗೆ ಗಂಟಲುನೋವು ಬಂದರೆ ಅಂದೇ ಮಾತ್ರೆ ನಿಲ್ಲಿಸಿ ರಕ್ತಕಣಗಳ ಎಣಿಕೆ ಮಾಡಿಸಿ. ವರದಿಯನ್ನು ವೈದ್ಯರು ನೋಡುವವರೆಗೆ ಮುಂದಿನ ಮಾತ್ರೆ ಬೇಡ.