ಮೊದಲು ನಕ್ಷೆಯ ಅಂಚು ಓದಿ

ಬಂದರು ಪಟ್ಟಣದ ಹಳೆಯ ನಕ್ಷೆಯ ಮರುಮುದ್ರಣ ಕೈಗೆ ಬಂದೊಡನೆ ಎಲ್ಲರೂ ಹುಡುಕುವುದು ತಮ್ಮ ಬೀದಿಯನ್ನು. ನಕ್ಷೆಗಳ ಸಂಗ್ರಹದಲ್ಲಿ ಕೆಲಸ ಮಾಡುವ ನಾನು ಮೊದಲು ನೋಡುವುದು ಕೆಳಗಿನ ಅಂಚನ್ನು. ಮೋಜಣಿ ನಡೆದ ವರ್ಷ, ಪರಿಷ್ಕರಿಸಿದ ವರ್ಷ, ಅಚ್ಚಾದ ವರ್ಷ ಅಲ್ಲಿ ಬೇರೆ ಬೇರೆಯಾಗಿರುತ್ತವೆ. ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಅವುಗಳಲ್ಲಿ ಒಂದು ಮಾತ್ರ.

ಬ್ರಿಟಿಷ್ ನೌಕಾ ಇಲಾಖೆಯ ಜಲಮಾಪನ ಕಚೇರಿ ಆರಂಭವಾದದ್ದು 1795ರಲ್ಲಿ. ಅದರ ನಾವಿಕ ನಕ್ಷೆಗಳನ್ನು ತಾಮ್ರದ ತಗಡಿನಲ್ಲಿ ಕೆತ್ತುತ್ತಿದ್ದರು. ಹೊಸ ಧಕ್ಕೆ ಎದ್ದರೆ ಇಡೀ ನಕ್ಷೆಯನ್ನು ಹೊಸದಾಗಿ ಮಾಡುತ್ತಿರಲಿಲ್ಲ. ತಗಡಿನ ಆ ಭಾಗವನ್ನು ಹೆರೆದು, ಹಿಂದಿನಿಂದ ಬಡಿದು ಸಮಮಾಡಿ, ಅಷ್ಟನ್ನೇ ಮತ್ತೆ ಕೆತ್ತುತ್ತಿದ್ದರು. ಹೀಗಾಗಿ ಒಂದೇ ಹಾಳೆಯಲ್ಲಿ ಅಜ್ಜನ ಕಾಲದ ನೀರಿನ ಆಳವೂ ಮೊಮ್ಮಗನ ಕಾಲದ ಧಕ್ಕೆಯೂ ಒಟ್ಟಿಗೆ ಕುಳಿತಿರುತ್ತವೆ. ತಿದ್ದುಪಡಿಯ ದಿನಾಂಕಗಳು ಅಂಚಿನ ಸಣ್ಣ ಅಕ್ಷರಗಳಲ್ಲಿರುತ್ತವೆ. ಅಂದಕ್ಕೆಂದು ಅಂಚು ಕತ್ತರಿಸಿದ ಮರುಮುದ್ರಣ ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು.

ಆಳದ ಅಂಕಿಗಳ ವಿಷಯದಲ್ಲೂ ಎಚ್ಚರ ಬೇಕು. ಅವು ಅಡಿಯಲ್ಲಿವೆಯೋ ಮಾರಿನಲ್ಲಿವೆಯೋ ಎಂಬುದು ಶೀರ್ಷಿಕೆಯ ಬಳಿ ಇರುತ್ತದೆ. ಒಂದು ಮಾರು ಎಂದರೆ ಆರು ಅಡಿ. ಇಲ್ಲಿ ತಪ್ಪಿದರೆ ದೋಣಿಯೂ ತೇಲದ ಕಡೆ ಹಡಗು ನಿಲ್ಲಿಸಿಬಿಡುತ್ತೀರಿ.

ಹೆಚ್ಚು ಜನ ಎಡವುವುದು ದಡದ ಗೆರೆಯಲ್ಲಿ. ಸಂಶೋಧಕರೊಬ್ಬರು ಎರಡು ಮರುಮುದ್ರಣಗಳನ್ನು ಮೇಜಿನ ಮೇಲೆ ಹರಡಿ, ಐವತ್ತು ವರ್ಷಗಳಲ್ಲಿ ಸಮುದ್ರ ನಾನೂರು ಮೀಟರ್ ಹಿಂದೆ ಸರಿದಿದೆ ಎಂದರು. ಒಂದು ಭೂಮೋಜಣಿಯ ನಕ್ಷೆ, ಇನ್ನೊಂದು ನಾವಿಕರದು. ಮೊದಲನೆಯದರಲ್ಲಿ ಅವರು ಹಿಡಿದದ್ದು ಉಬ್ಬರದ ಗೆರೆ. ಎರಡನೆಯದರಲ್ಲಿ, ಕೆಸರುದಂಡೆಯನ್ನು ತೋರಿಸುವ ಚುಕ್ಕಿಗಳ ಹೊರ ಅಂಚು, ಅಂದರೆ ಇಳಿತದ ಗೆರೆ. ನೂರಕ್ಕೆ ಒಂದರಂತೆ ಇಳಿಜಾರಿರುವ ದಂಡೆಯಲ್ಲಿ ನೀರು 4 ಮೀಟರ್ ಏರಿಳಿದರೆ ಈ ಎರಡು ಗೆರೆಗಳ ನಡುವೆ 400 ಮೀಟರ್ ಇರುತ್ತದೆ. ಸಮುದ್ರ ಪ್ರತಿದಿನ ಅಷ್ಟು ದೂರ ಹೋಗಿ ಬರುತ್ತಿತ್ತು, ಅಷ್ಟೇ. ಅವರು ನಕ್ಕರು, ಅಧ್ಯಾಯವನ್ನು ಮಾತ್ರ ಮತ್ತೆ ಬರೆಯಬೇಕಾಯಿತು.

ಪ್ರಮಾಣದ ಕಥೆ ಚಿಕ್ಕದು. 1:500 ನಕ್ಷೆಯನ್ನು ಅರ್ಧಕ್ಕೆ ಕುಗ್ಗಿಸಿ ಅಚ್ಚುಹಾಕಿದರೂ ಹಾಳೆಯ ಮೇಲೆ 1:500 ಎಂದೇ ಉಳಿಯುತ್ತದೆ. ಆ ಅಂಕಿಯನ್ನು ನಂಬಿ ಅಳೆದರೆ ನಲವತ್ತು ಮೀಟರಿನ ಗೋದಾಮು ಇಪ್ಪತ್ತಕ್ಕೆ ಇಳಿಯುತ್ತದೆ. ನಕ್ಷೆಯಲ್ಲೇ ಎಳೆದ ಅಳತೆಪಟ್ಟಿ ನಕ್ಷೆಯ ಜೊತೆಗೇ ಕುಗ್ಗುವುದರಿಂದ ಅದನ್ನೇ ಬಳಸಿ. ಹಡಗುಕಟ್ಟೆಯ ಜಾಗ ಖಾಲಿ ಬಿಟ್ಟಿದ್ದರೆ ಅದನ್ನು ಮೈದಾನ ಎಂದುಕೊಳ್ಳಬೇಡಿ. ನೌಕಾಪಡೆಯ ನೆಲೆಗಳ ವಿವರವನ್ನು ಬೇಕೆಂದೇ ಕೈಬಿಡುವ ರೂಢಿಯಿತ್ತು.

ಇನ್ನು ಬೆಂಕಿವಿಮೆಯ ನಕ್ಷೆಗಳು, ಅಂದರೆ ಯಾವ ಕಟ್ಟಡಕ್ಕೆ ಬೆಂಕಿಯ ಅಪಾಯ ಎಷ್ಟೆಂದು ಅಂದಾಜಿಸಲು ವಿಮಾ ಕಂಪನಿಗಳಿಗಾಗಿ ಮಾಡಿದವು. ನನಗೆ ಇವುಗಳ ಮೇಲೆ ವಿಶೇಷ ಪ್ರೀತಿ. ಅಮೆರಿಕದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ ಬಣ್ಣ. ಕಪ್ಪುಬಿಳುಪಿನ ಮರುಮುದ್ರಣದಲ್ಲಿ ಮೂರೂ ಬೂದುಬಣ್ಣಕ್ಕೆ ತಿರುಗುತ್ತವೆ. ಧಕ್ಕೆಯ ಸಾಲಿನಲ್ಲಿ ಯಾವ ಗೋದಾಮು ಬೇಗ ಹೊತ್ತಿಕೊಳ್ಳುವಂತಿತ್ತು ಎಂದು ತಿಳಿಯಬೇಕಾದವರು ಮೂಲ ಹಾಳೆಯನ್ನೇ ಕೇಳಿ ತರಿಸಿಕೊಳ್ಳಲಿ.