ಹೆಣ್ಣುಮೀನುಗಳನ್ನು ಇಲ್ಲವಾಗಿಸಿದ ಕ್ಯಾನ್ಸರ್ ಕಾವಲುಗಾರ

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಸಾಕಿದ ಜೀಬ್ರಾ ಮೀನುಗಳ ಪೈಕಿ ಫ್ಯಾಂಕ್‌ಎಲ್ ಎಂಬ ಜೀನಿನ ಎರಡೂ ಪ್ರತಿ ಕೆಟ್ಟಿದ್ದವೆಲ್ಲ ಗಂಡಾಗಿಯೇ ಬೆಳೆಯುತ್ತಿದ್ದವು. ಹುಡುಕಿದರೂ ಒಂದು ಹೆಣ್ಣಿಲ್ಲ. ಈ ಜೀನಿನ ಕೆಲಸ ಲಿಂಗ ನಿರ್ಧಾರವಲ್ಲ, ಡಿಎನ್‌ಎ ರಿಪೇರಿ. ಮನುಷ್ಯರಲ್ಲಿ ಇದು ಕೆಟ್ಟರೆ ಫ್ಯಾಂಕೋನಿ ಅನೀಮಿಯ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಅಸ್ಥಿಮಜ್ಜೆ ಸೊರಗುತ್ತದೆ, ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅದಕ್ಕೂ ಹೆಣ್ಣುಮೀನಿಗೂ ಎಲ್ಲಿಯ ನಂಟು?

ನಂಟು ಬೆಸೆದದ್ದು ಪಿ53. ಈ ಪ್ರೋಟೀನು 1979ರಲ್ಲಿ ಹಲವು ಪ್ರಯೋಗಾಲಯಗಳ ಕಣ್ಣಿಗೆ ಬಿತ್ತು. ಹತ್ತು ವರ್ಷ ಎಲ್ಲರೂ ಇದನ್ನು ಕ್ಯಾನ್ಸರ್ ಹುಟ್ಟಿಸುವ ಜೀನಿನ ಕೂಸು ಎಂದೇ ತಿಳಿದಿದ್ದರು; ಪ್ರಯೋಗಕ್ಕೆ ಬಳಸಿದ ಪ್ರತಿಗಳೇ ಕೆಟ್ಟವಾಗಿದ್ದದ್ದು ಆ ಗೊಂದಲಕ್ಕೆ ಕಾರಣ. 1989ರ ಹೊತ್ತಿಗೆ ಚಿತ್ರ ತಿರುಗುಮುರುಗಾಯಿತು. ಸರಿಯಾಗಿರುವ ಪಿ53 ಗಡ್ಡೆಯನ್ನು ತಡೆಯುತ್ತದೆ. ಕೋಶದ ಡಿಎನ್‌ಎಗೆ ಪೆಟ್ಟಾದರೆ ವಿಭಜನೆ ನಿಲ್ಲಿಸುತ್ತದೆ, ರಿಪೇರಿ ಸಾಧ್ಯವಾಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಅಂದಿನಿಂದ ಅದರ ಹೆಸರು ಕ್ಯಾನ್ಸರಿನ ಜೊತೆಗೇ ಅಂಟಿಕೊಂಡಿತು.

ಜೀಬ್ರಾ ಮೀನು ನಮ್ಮ ಉಪಖಂಡದ್ದೇ. ಗಂಗೆಯ ಮೀನುಗಳನ್ನು ವಿವರಿಸುತ್ತ 1822ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್, ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬೆಳೆ-ಬದುಕನ್ನೆಲ್ಲ ಬರೆದಿಟ್ಟ ಅದೇ ಬುಕಾನನ್. ಅಕ್ವೇರಿಯಂ ಮೀನಾಗಿದ್ದ ಇದನ್ನು ತಳಿವಿಜ್ಞಾನದ ಮುಖ್ಯ ಪ್ರಾಣಿಯಾಗಿಸಿದ್ದು ಒರೆಗಾನಿನವರೇ ಆದ ಜಾರ್ಜ್ ಸ್ಟ್ರೈಸಿಂಗರ್. 1981ರ ಅವರ ಪ್ರಬಂಧದಿಂದ ಆ ಹಾದಿ ತೆರೆಯಿತು. 2005ರಲ್ಲಿ ಪಿ53 ಕೆಟ್ಟ ಜೀಬ್ರಾ ಮೀನಿನ ತಳಿ ಸಿದ್ಧವಾಯಿತು. ಉದ್ದೇಶ ಕ್ಯಾನ್ಸರ್ ಅಧ್ಯಯನ. ನಿರೀಕ್ಷೆಯಂತೆ ಆ ಮೀನುಗಳಲ್ಲಿ ನರದ ಹೊದಿಕೆಯ ಗಡ್ಡೆಗಳು ಬೆಳೆದವು.

ಮುಂದಿನದನ್ನು ತಿಳಿಯಲು ಈ ಮೀನಿನ ಬಾಲ್ಯವನ್ನು ನೋಡಬೇಕು. ಪ್ರಯೋಗಾಲಯದ ಸಾಮಾನ್ಯ ತಳಿಗಳಲ್ಲಿ ಲಿಂಗ ನಿರ್ಧರಿಸುವ ಕ್ರೋಮೋಸೋಮ್ ಇಲ್ಲ. (ಕಾಡುತಳಿಗಳಲ್ಲಿ ಇದೆ, ಸಾಕುತ್ತ ಸಾಕುತ್ತ ಕಳೆದುಹೋಗಿದೆ ಎಂದು ತಿಳಿದದ್ದು 2014ರಲ್ಲಿ.) ಎಳೆಯ ಮೀನುಗಳ ಜನನಗ್ರಂಥಿ ಮೊದಲು ಅಂಡಾಶಯದಂತೆಯೇ ಶುರುವಾಗುತ್ತದೆ, ಗಂಡಾಗಲಿರುವ ಮರಿಯಲ್ಲೂ ಬಲಿಯದ ಅಂಡಕೋಶಗಳಿರುತ್ತವೆ. ಕೆಲವು ವಾರಗಳಲ್ಲಿ ಗಂಡುಗಳಲ್ಲಿ ಅವು ಸಾಯುತ್ತವೆ, ಗ್ರಂಥಿ ವೃಷಣವಾಗುತ್ತದೆ. ಸಾಕಷ್ಟು ಅಂಡಕೋಶ ಉಳಿದರೆ ಹೆಣ್ಣು, ಇಲ್ಲವಾದರೆ ಗಂಡು. ಅಂಡ, ವೀರ್ಯಾಣುಗಳಾಗುವ ಜನನಕೋಶಗಳನ್ನೇ ತೆಗೆದುಹಾಕಿದರೆ ಮೀನು ಬಂಜೆ ಗಂಡಾಗುತ್ತದೆ.

ಅಂಡಕೋಶ ಮಿಯೋಸಿಸ್ ಹಂತಕ್ಕೆ, ಅಂದರೆ ಕ್ರೋಮೋಸೋಮುಗಳ ಸಂಖ್ಯೆ ಅರ್ಧವಾಗುವ ವಿಭಜನೆಗೆ ಬಂದಾಗ ತನ್ನ ಡಿಎನ್‌ಎಯನ್ನು ತಾನೇ ಅಲ್ಲಲ್ಲಿ ಕತ್ತರಿಸಿಕೊಂಡು ಮತ್ತೆ ಜೋಡಿಸುತ್ತದೆ. ತಂದೆ-ತಾಯಿಯ ಜೀನುಗಳು ಬೆರೆಯುವುದೇ ಹೀಗೆ. ರಿಪೇರಿ ತಂಡದ ಒಬ್ಬ ಸದಸ್ಯ ಇಲ್ಲದಿದ್ದರೆ ಕತ್ತರಿಸಿದ್ದು ಹಾಗೇ ಉಳಿಯುತ್ತದೆ. ಫ್ಯಾಂಕ್‌ಎಲ್ ಕೆಟ್ಟ ಮರಿಗಳಲ್ಲಿ ಜನನಕೋಶಗಳು ಸಾಯುವುದನ್ನು ಒರೆಗಾನ್‌ನ ಜಾನ್ ಪೋಸ್ಟ್ಲ್‌ತ್ವೇಟ್ ತಂಡ ಕಂಡಿತು. ಕೊಲ್ಲುತ್ತಿರುವುದು ಪಿ53 ಇರಬಹುದೇ ಎಂದು ಪರೀಕ್ಷಿಸಲು ಎರಡೂ ಜೀನು ಕೆಟ್ಟ ಮೀನುಗಳನ್ನು ಬೆಳೆಸಿದರು. ಹೆಣ್ಣುಗಳು ಮರಳಿ ಬಂದವು! 2010ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗಂತೂ ಈ ಕಥೆಯ ಅತ್ಯಂತ ಸೊಗಸಾದ ಭಾಗ. ಲಿಂಗದ ಗೊಡವೆಯೇ ಇಲ್ಲದ ಎರಡು ಜೀನುಗಳು ಸೇರಿ ಮೀನಿನ ಲಿಂಗವನ್ನು ತಿರುಗಿಸಿದ್ದವು.

ಹಾಗಾದರೆ ಪಿ53 ಮೂಲತಃ ಕ್ಯಾನ್ಸರಿನ ಕಾವಲುಗಾರನೇ? ನನಗೆ ಹಾಗನ್ನಿಸುವುದಿಲ್ಲ. ಕಡಲ ಅನಿಮೋನ್‌ನಂಥ ಸರಳ ಜೀವಿಯಲ್ಲೂ ಈ ಕುಟುಂಬದ ಪ್ರೋಟೀನು ಪೆಟ್ಟಾದ ಜನನಕೋಶಗಳನ್ನು ಕೊಲ್ಲುತ್ತದೆ ಎಂದು 2007ರಲ್ಲಿ ವರದಿಯಾಯಿತು. ಅದಕ್ಕೆ ಒಂದು ವರ್ಷ ಮೊದಲು, ಇಲಿಯ ಅಂಡಕೋಶಗಳಲ್ಲಿ ಅದರ ದಾಯಾದಿ ಪಿ63 ಇದೇ ಕೆಲಸ ಮಾಡುವುದು ಗೊತ್ತಾಗಿತ್ತು. ಕೆಟ್ಟ ಡಿಎನ್‌ಎ ಮುಂದಿನ ಪೀಳಿಗೆಗೆ ದಾಟದಂತೆ ನೋಡುವುದೇ ಹಳೆಯ ಕಸುಬು, ಗಡ್ಡೆ ತಡೆಯುವುದು ಆಮೇಲೆ ಹೆಗಲೇರಿದ್ದು ಎಂಬ ವಾದಕ್ಕೆ ಇಲ್ಲಿ ಬಲವಿದೆ.

ಕೊಲ್ಲದೆ ಬಿಟ್ಟರೆ ಏನಾಗುತ್ತದೆಂಬುದನ್ನು ಬಿಆರ್‌ಸಿಎ2 ತೋರಿಸಿತು. ಮಹಿಳೆಯರಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರಿಗೆ ಹೆಸರಾದ ಜೀನು ಇದು. ಇದು ಕೆಟ್ಟ ಜೀಬ್ರಾ ಮೀನುಗಳೂ ಗಂಡಾಗುತ್ತವೆ, ಅದೂ ಬಂಜೆ ಗಂಡು. ಪಿ53 ತೆಗೆದಾಗ ಇಲ್ಲಿಯೂ ಅಂಡಾಶಯ ಬೆಳೆಯಿತು. ಆದರೆ ಬದುಕುಳಿದ ಅಂಡಕೋಶಗಳ ನ್ಯೂಕ್ಲಿಯಸ್ ರಚನೆಯೇ ಸರಿಯಿರಲಿಲ್ಲ, ಜೊತೆಗೆ ಗಡ್ಡೆಗಳೂ ಬೇಗ ಬಂದವು.