ಬೆಂಗಳೂರಿನ ಗಾಳಿಯಲ್ಲಿ ಎರಡು ಗ್ರೇ

ವಿಕಿರಣ ಚಿಕಿತ್ಸೆಯೆಂದರೆ ಕ್ಯಾನ್ಸರ್ ಗಡ್ಡೆಯನ್ನು ಸುಡುವುದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. "ಅಮ್ಮಂಗೆ ಕರೆಂಟ್ ಇಡ್ತಾರಂತೆ, ಒಳಗೆಲ್ಲ ಸುಟ್ಟುಹೋಗುತ್ತಂತಲ್ಲ ಸಾರ್?" ಎಂದು ಎಂಜಿನಿಯರಿಂಗ್ ಓದಿದ ಮಗನೇ ಬಂದು ಕೇಳುತ್ತಾನೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹಿರಿಯ ಮೆಡಿಕಲ್ ಫಿಸಿಸಿಸ್ಟ್, ಅಂದರೆ ಚಿಕಿತ್ಸೆಯ ವಿಕಿರಣವನ್ನು ಅಳೆಯುವ ಭೌತವಿಜ್ಞಾನಿ, ಆಗಿರುವ ನನಗೆ ಈ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ಕೈಗೆ ಸಿಕ್ಕ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ.

ವಿಕಿರಣದ ಡೋಸನ್ನು ಗ್ರೇ ಎಂಬ ಮಾನದಲ್ಲಿ ಹೇಳುತ್ತೇವೆ. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ದಿನವೊಂದಕ್ಕೆ ಗಡ್ಡೆಗೆ ಸಾಮಾನ್ಯವಾಗಿ ಕೊಡುವುದು 2 ಗ್ರೇ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ಅಂದಮೇಲೆ 2 ಜೂಲಿನಿಂದ ಏರುವ ತಾಪ ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಪಾಲು. ಜ್ವರ ನೋಡುವ ಯಾವ ಥರ್ಮಾಮೀಟರಿಗೂ ಅದು ಗೊತ್ತಾಗುವುದಿಲ್ಲ. ಇನ್ನೂ ಮುಂದೆ ಹೋಗೋಣ. 70 ಕಿಲೋ ತೂಕದ ಮನುಷ್ಯನ ಇಡೀ ಮೈಮೇಲೆ ಒಂದೇ ಸಲಕ್ಕೆ 4 ಗ್ರೇ ಬಿದ್ದು, ಆರೈಕೆ ಸಿಗದಿದ್ದರೆ ಅವನು ಬದುಕುವುದು ಅನುಮಾನ. ಆ ಮಾರಕ ಡೋಸಿನ ಒಟ್ಟು ಶಕ್ತಿ 280 ಜೂಲ್. ಬಿಸಿ ಕಾಫಿಯನ್ನು ಒಂದು ಟೀ ಚಮಚದಷ್ಟು ಕುಡಿದರೆ ಮೈಗೆ ಅದಕ್ಕಿಂತ ಹೆಚ್ಚು ಶಾಖ ಸೇರುತ್ತದೆ.

ಹಾಗಾದರೆ ಕಾಫಿ ಕೊಲ್ಲುವುದಿಲ್ಲ, ಎಕ್ಸ್‌-ಕಿರಣ ಕೊಲ್ಲುತ್ತದೆ, ಏಕೆ? ಶಕ್ತಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ, ಹೇಗೆ ಬೀಳುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಶಾಖ ಎಲ್ಲ ಅಣುಗಳಿಗೂ ಸಮನಾಗಿ ಹಂಚಿಹೋಗುತ್ತದೆ, ಯಾವುದಕ್ಕೂ ಮುರಿಯುವಷ್ಟು ಸಿಗುವುದಿಲ್ಲ. ಎಕ್ಸ್‌-ಕಿರಣ ಅಂಗಾಂಶದೊಳಗೆ ಎಲೆಕ್ಟ್ರಾನುಗಳನ್ನು ಕಿತ್ತು ಓಡಿಸುತ್ತದೆ. ಆ ಎಲೆಕ್ಟ್ರಾನುಗಳು ಹೋದ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಶಕ್ತಿಯನ್ನು ಒಟ್ಟಾಗಿ ಸುರಿಯುತ್ತವೆ. ಅದು ಡಿಎನ್‌ಎ ಪಕ್ಕದಲ್ಲಿ ಸುರಿದರೆ ಎಳೆ ತುಂಡಾಗುತ್ತದೆ. ಒಂದು ಗ್ರೇ ಡೋಸಿಗೆ ಪ್ರತಿ ಜೀವಕೋಶದಲ್ಲೂ ಸುಮಾರು ಸಾವಿರ ಕಡೆ ಒಂದೆಳೆ ಮುರಿಯುತ್ತದೆ. ಸುಮಾರು 40 ಕಡೆ ಎರಡೂ ಎಳೆಗಳು ಒಟ್ಟಿಗೆ ಮುರಿಯುತ್ತವೆ. ಒಂದೆಳೆ ಮುರಿದದ್ದನ್ನು ಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಎರಡೂ ಮುರಿದಾಗ ಎಡವುತ್ತದೆ. ಎಡವಿದ ಕೋಶ ಕೂಡಲೇ ಸಾಯುವುದೂ ಇಲ್ಲ. ಮುಂದೆ ಒಡೆದು ಎರಡಾಗಲು ಹೊರಟಾಗ ಸೋಲುತ್ತದೆ. ಅದಕ್ಕೇ ಗಡ್ಡೆ ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

"ಚರ್ಮ ಕಪ್ಪಾಗಿ ಸುಲಿಯುತ್ತಲ್ಲ, ಅದು ಸುಟ್ಟಿದ್ದಲ್ಲವಾ?" ಎಂದು ಕೇಳುವವರಿದ್ದಾರೆ. ಒಲೆ ತಾಗಿದರೆ ಆ ಕ್ಷಣಕ್ಕೆ ಬೊಬ್ಬೆ ಬರುತ್ತದೆ. ವಿಕಿರಣದಲ್ಲಿ ಚರ್ಮದ ಬದಲಾವಣೆ ಕಾಣಿಸುವುದು ಎರಡು ಮೂರು ವಾರಗಳ ನಂತರ. ಚರ್ಮದ ತಳಪದರದ ಕೋಶಗಳು ಹೊಸ ಕೋಶಗಳನ್ನು ಹುಟ್ಟಿಸುವುದರಲ್ಲಿ ಹಿಂದೆ ಬಿದ್ದಿವೆ ಎಂಬುದರ ಗುರುತು ಅದು.

ಇದಕ್ಕಿಂತ ಸಂಕಟ ಕೊಡುವ ನಂಬಿಕೆ ಇನ್ನೊಂದಿದೆ. ಚಿಕಿತ್ಸೆ ಮುಗಿಸಿ ಮನೆಗೆ ಹೋದ ಅಜ್ಜಿಗೆ ಬೇರೆ ತಟ್ಟೆ, ಬೇರೆ ಲೋಟ, ಮಲಗಲು ಹೊರಗಿನ ಕೋಣೆ. ಮೊಮ್ಮಗುವನ್ನು ಹತ್ತಿರ ಬಿಡುವುದಿಲ್ಲ, ಮೈಯಿಂದ ರೇಡಿಯೇಷನ್ ಬರುತ್ತದಂತೆ. ವಿಕಿರಣ ಚಿಕಿತ್ಸೆ ಕೊಡುವ ಲಿನಾಕ್ ಯಂತ್ರದ ಕಿರಣ ಸ್ವಿಚ್ ಆರಿಸಿದ ಕೂಡಲೇ ಇಲ್ಲವಾಗುತ್ತದೆ. ದೇಹದೊಳಗೆ ಓಡಿದ ಎಲೆಕ್ಟ್ರಾನುಗಳೂ ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ನಿಂತುಹೋಗುತ್ತವೆ. ದೇಹ ತಾನೇ ವಿಕಿರಣಶೀಲವಾಗಬೇಕಾದರೆ ಕಿರಣ ಪರಮಾಣುವಿನ ಬೀಜವನ್ನೇ ಒಡೆಯಬೇಕು. ಆಮ್ಲಜನಕದ ಬೀಜದಿಂದ ಒಂದು ನ್ಯೂಟ್ರಾನ್ ಕೀಳಲು 15 ಎಂಇವಿಗಿಂತ (ಎಂಇವಿ ಎಂದರೆ ಕಿರಣದ ಶಕ್ತಿಯ ಮಾನ) ಹೆಚ್ಚು ಶಕ್ತಿ ಬೇಕು. ನಾವು ಹೆಚ್ಚಾಗಿ ಬಳಸುವ ಕಿರಣದಲ್ಲಿ 6 ಎಂಇವಿಯ ಮೇಲೆ ಏನೂ ಇಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕುಡಿಸಿದವರ ವಿಷಯ ಬೇರೆ, ಅವರ ಮೈಯಲ್ಲಿ ಕೆಲವು ದಿನ ವಿಕಿರಣಶೀಲ ವಸ್ತು ಇರುತ್ತದೆ, ಅವರಿಗೆ ಬೇರೆ ನಿಯಮಗಳನ್ನು ಬರೆದುಕೊಡುತ್ತಾರೆ. ಲಿನಾಕ್ ಕೆಳಗೆ ಮಲಗಿ ಎದ್ದುಬಂದ ಅಜ್ಜಿ ಆವತ್ತೇ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣಿಸಬಹುದು. ಕಾಯಿಲೆಯ ನೋವಿನ ಮೇಲೆ ಈ ದೂರವನ್ನೂ ಹೊರಿಸುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ದಿನಕ್ಕೆ 2 ಗ್ರೇಯಂತೆ ಐದಾರು ವಾರ ಏಕೆ, ಎಲ್ಲ ಒಟ್ಟಿಗೆ ಕೊಟ್ಟು ಮುಗಿಸಬಾರದೇ? ಉತ್ತರದ ಬೇರು 1920ರ ದಶಕದ ಪ್ಯಾರಿಸ್ಸಿನಲ್ಲಿದೆ. ಅಲ್ಲಿನ ರೇಡಿಯಂ ಇನ್‌ಸ್ಟಿಟ್ಯೂಟಿನಲ್ಲಿ ಭೌತವಿಜ್ಞಾನದ ವಿಭಾಗ ಮೇರಿ ಕ್ಯೂರಿಯದು, ಜೀವವಿಜ್ಞಾನದ ವಿಭಾಗ ಕ್ಲಾಡಿಯಸ್ ರೆಗೋನದು. ರೆಗೋ ಟಗರುಗಳ ವೃಷಣಕ್ಕೆ ವಿಕಿರಣ ಕೊಟ್ಟು ನೋಡಿದ. ಒಂದೇ ಸಲ ಕೊಟ್ಟು ಅವನ್ನು ಬಂಜೆಯಾಗಿಸಲು ಹೋದರೆ ಮೇಲಿನ ಚರ್ಮ ತೀರಾ ಹಾಳಾಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಕೆಲಸವೂ ಆಯಿತು, ಚರ್ಮವೂ ಉಳಿಯಿತು. ಬಿಡದೆ ಒಡೆಯುವ ವೃಷಣದ ಕೋಶಗಳಲ್ಲಿ ಅವನು ಕ್ಯಾನ್ಸರ್ ಕೋಶದ ಮಾದರಿಯನ್ನು ಕಂಡ. ಅದೇ ಸಂಸ್ಥೆಯ ಆನ್ರಿ ಕುಟಾರ್ ಇದನ್ನು ಗಂಟಲು ಕ್ಯಾನ್ಸರಿನ ರೋಗಿಗಳಿಗೆ ತಂದ. ಎರಡು ಡೋಸುಗಳ ನಡುವಿನ ಗಂಟೆಗಳಲ್ಲಿ ಆರೋಗ್ಯವಂತ ಕೋಶಗಳು ಡಿಎನ್‌ಎ ಹೊಲಿದುಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳು ಅಷ್ಟು ಚೆನ್ನಾಗಿ ಹೊಲಿದುಕೊಳ್ಳಲಾರವು. ಇವತ್ತು ಸ್ತನದ ಕ್ಯಾನ್ಸರಿಗೆ 15 ಸಲದಲ್ಲಿ 40 ಗ್ರೇ ಕೊಡುವ ಪದ್ಧತಿಯೂ ಇದೆ. ಹಂಚಿಕೆ ಬದಲಾಗಿದೆ, ಹಂಚುವ ತತ್ವ ಅದೇ.

ಹಂಚಿದ ಮೇಲೆ ತಪ್ಪಿಸಬಾರದು. ಅಮಾವಾಸ್ಯೆ, ಗ್ರಹಣ, ಊರ ಜಾತ್ರೆ ಎಂದು ಚಿಕಿತ್ಸೆಗೆ ಬಾರದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಕಳೆಯುವಾಗ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಎಳೆದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ಕ್ಕಿಂತ ತುಸು ಹೆಚ್ಚೇ ಕುಸಿಯುತ್ತದೆ. ಚಂದ್ರನ ಲೆಕ್ಕ ಆ ಕೋಶಗಳಿಗೆ ಗೊತ್ತಿಲ್ಲ.

ಇನ್ನು ನನ್ನ ಕೆಲಸದ ತಿರುಳಿಗೆ ಬರುತ್ತೇನೆ. ಡಾಕ್ಟರ್ 2 ಗ್ರೇ ಎಂದು ಬರೆಯುತ್ತಾರೆ. ಯಂತ್ರ ಕೊಟ್ಟದ್ದು 2 ಗ್ರೇಯೇ ಎಂದು ಯಾರು ಹೇಳಬೇಕು? ಡೋಸ್ ಶೇ 5ರಷ್ಟು ತಪ್ಪಿದರೂ ಗಡ್ಡೆ ಗುಣವಾಗುವ, ಪಕ್ಕದ ಅಂಗ ಉಳಿಯುವ ಸಾಧ್ಯತೆಗಳು ಗಣನೀಯವಾಗಿ ಬದಲಾಗುತ್ತವೆ. ಆ ಮಿತಿಯೊಳಗೆ ರೋಗಿಯನ್ನು ಮಲಗಿಸುವಲ್ಲಿನ ಮಿಲಿಮೀಟರುಗಳು, ಕಂಪ್ಯೂಟರ್ ಯೋಜನೆಯ ಅಂದಾಜುಗಳು ಎಲ್ಲ ಸೇರಬೇಕು. ಹಾಗಾಗಿ ಯಂತ್ರದ ಅಳತೆಗೆ ಸಿಗುವ ಅವಕಾಶ ಶೇ ಒಂದೆರಡು ಮಾತ್ರ.

ಮೊದಮೊದಲ ವೈದ್ಯರಿಗೆ ಇಂಥ ಅಳತೆಯೇ ಇರಲಿಲ್ಲ. 1895ರಲ್ಲಿ ರಾಂಟ್ಜೆನ್ ಎಂಬ ವಿಜ್ಞಾನಿ ಎಕ್ಸ್‌-ಕಿರಣ ಕಂಡ ಮೇಲೆ ಕೆಲವರು ಟ್ಯೂಬಿನ ಬಲವನ್ನು ತಮ್ಮ ಕೈಯೊಡ್ಡಿಯೇ ಪರೀಕ್ಷಿಸಿದರು, ಎಷ್ಟೋ ಜನ ಬೆರಳು ಕಳೆದುಕೊಂಡರು. ರೋಗಿಯ ಚರ್ಮ ಕೆಂಪಾಗುವಷ್ಟು ಎನ್ನುವುದೇ ಬಹುಕಾಲ ಡೋಸಿನ ಮಾನವಾಗಿತ್ತು. 1928ರಲ್ಲಿ ಸ್ಟಾಕ್‌ಹೋಮಿನ ವಿಕಿರಣತಜ್ಞರ ಸಮ್ಮೇಳನ ರಾಂಟ್ಜೆನ್ ಹೆಸರಿನ ಮಾನವನ್ನು ಒಪ್ಪಿತು. ಅದು ಗಾಳಿಯಲ್ಲಿ ಹುಟ್ಟಿದ ವಿದ್ಯುದಾವೇಶದ ಅಳತೆ. ಗಾಳಿಯ ಆವೇಶದಿಂದ ಅಂಗಾಂಶದ ಶಕ್ತಿಗೆ ದಾಟುವ ಸೇತುವೆ ಕಟ್ಟಿದವರು ಭೌತವಿಜ್ಞಾನಿಗಳಾದ ವಿಲಿಯಂ ಬ್ರ್ಯಾಗ್ ಮತ್ತು ಲೂಯಿ ಹೆರಾಲ್ಡ್ ಗ್ರೇ. ನೀರಿನೊಳಗೆ ಬಹಳ ಚಿಕ್ಕ ಗಾಳಿಯ ಪೊಟರೆಯೊಂದಿದ್ದರೆ, ನೀರಿನಲ್ಲಿ ಓಡುವ ಎಲೆಕ್ಟ್ರಾನುಗಳ ಹರಿವು ಅದರಿಂದ ಕೆಡುವುದಿಲ್ಲ. ಪೊಟರೆಯಲ್ಲಿ ಸಿಕ್ಕ ಆವೇಶ ಅಳೆದರೆ ನೀರಿನ ಡೋಸ್ ಹೇಳಬಹುದು. ಈ ಉಪಕಾರಕ್ಕೇ 1975ರಲ್ಲಿ ಡೋಸಿನ ಮಾನಕ್ಕೆ ಗ್ರೇ ಹೆಸರಿಟ್ಟರು.

ಆ ಪೊಟರೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪೆನ್ಸಿಲಿನಷ್ಟು ಸಣ್ಣ ಕಡ್ಡಿ, ತುದಿಯಲ್ಲಿ ಗ್ರ್ಯಾಫೈಟಿನ ಟೋಪಿ, ಒಳಗೆ 0.6 ಘನ ಸೆಂಟಿಮೀಟರ್ ಗಾಳಿ, ನಡುವೆ ಅಲ್ಯೂಮಿನಿಯಂ ಸರಳು. ಫಾರ್ಮರ್ ಚೇಂಬರ್ ಎನ್ನುತ್ತೇವೆ. ರೋಗಿಗಳೆಲ್ಲ ಹೋದಮೇಲೆ ಸಂಜೆ, 30 ಸೆಂ.ಮೀ. ಉದ್ದಗಲದ ನೀರಿನ ತೊಟ್ಟಿಯನ್ನು ಲಿನಾಕ್ ಕೆಳಗಿಟ್ಟು, 10 ಸೆಂ.ಮೀ. ಆಳದಲ್ಲಿ ಚೇಂಬರ್ ಕೂರಿಸುತ್ತೇವೆ. ನೀರನ್ನು ಬಹಳ ಹೊತ್ತು ಮುಂಚೆಯೇ ತುಂಬಿಡಬೇಕು, ಕೋಣೆಯ ತಾಪಕ್ಕೆ ಹೊಂದಿಕೊಳ್ಳಲಿ ಎಂದು. ಆದರೂ ನೀರು ಆವಿಯಾಗುತ್ತ ಕೋಣೆಗಿಂತ ಕೊಂಚ ತಣ್ಣಗೇ ಇರುತ್ತದೆ, ಅದಕ್ಕೇ ಥರ್ಮಾಮೀಟರನ್ನು ಗೋಡೆಗೆ ತೂಗುಹಾಕದೆ ನೀರಿಗೇ ಇಳಿಬಿಡುತ್ತೇವೆ. 300 ವೋಲ್ಟ್ ಕೊಟ್ಟು, ಆವೇಶ ಅಳೆಯುವ ಎಲೆಕ್ಟ್ರೋಮೀಟರ್ ಸೊನ್ನೆಯಲ್ಲಿ ನಿಂತಿದೆಯೇ ನೋಡಿ, ಕನ್ಸೋಲಿನಿಂದ 100 ಮಾನಿಟರ್ ಯೂನಿಟ್ (ಯಂತ್ರ ಬಿಡುವ ಕಿರಣವನ್ನು ಎಣಿಸುವ ಮಾನ) ಬಿಡುತ್ತೇವೆ. ಪರದೆಯ ಮೇಲೆ ಸುಮಾರು 11.3 ನ್ಯಾನೋಕೂಲಂಬ್ ಆವೇಶ ಬಂದು ನಿಲ್ಲುತ್ತದೆ.

ಇದೇ ಯಂತ್ರ, ಇದೇ ಚೇಂಬರ್, ಇದೇ ತೊಟ್ಟಿಯನ್ನು ಮಂಗಳೂರಿಗೆ ಒಯ್ದು ಅಳೆದರೆ ಬರುವುದು ಸುಮಾರು 12.5. ಕಿರಣ ಬದಲಾಗಲಿಲ್ಲ, ಬದಲಾದದ್ದು ಗಾಳಿ. ಚೇಂಬರಿನ ಒಳಗಾಳಿ ಹೊರಗಾಳಿಗೆ ತೆರೆದುಕೊಂಡಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು, ಕಡಲ ದಡದಲ್ಲಿ ಅದು 1,010ರ ಹತ್ತಿರ. ಒತ್ತಡ ಕಡಿಮೆಯಾದಷ್ಟೂ ಅದೇ 0.6 ಘನ ಸೆಂಟಿಮೀಟರಿನಲ್ಲಿ ಹಿಡಿಸುವ ಅಣುಗಳು ಕಡಿಮೆ, ಕಿತ್ತುಬರುವ ಆವೇಶವೂ ಕಡಿಮೆ. ಚೇಂಬರಿನ ಪ್ರಮಾಣಪತ್ರ ಬರೆದಿರುವುದು 20 ಡಿಗ್ರಿ, 1,013.25 ಹೆಕ್ಟೊಪಾಸ್ಕಲ್‌ಗೆ. ಆದ್ದರಿಂದ ಬೆಂಗಳೂರಿನಲ್ಲಿ ಓದಿದ ಅಂಕಿಯನ್ನು ಸುಮಾರು 1.12ರಿಂದ ಗುಣಿಸಬೇಕು. ನೀರಿನ ತಾಪ ಮೂರು ಡಿಗ್ರಿ ತಪ್ಪಾಗಿ ಓದಿದರೆ ಅಲ್ಲೇ ಶೇ 1 ಹೋಯಿತು. ನಮ್ಮಂಥ ಉಷ್ಣವಲಯದಲ್ಲಿ ಒತ್ತಡಕ್ಕೂ ದಿನದ ಏರಿಳಿತವಿದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಮೂರು ನಾಲ್ಕು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಬೆಳಿಗ್ಗೆ ಬರೆದಿಟ್ಟ ಒತ್ತಡವನ್ನು ಸಂಜೆಯ ಅಳತೆಗೆ ಹಾಕುವಂತಿಲ್ಲ. ಈ ಏರಿಳಿತ ಬ್ಯಾರೊಮೀಟರಿನಲ್ಲಿ ಕಣ್ಣಾರೆ ಕಾಣುವುದು ನನಗೆ ಇವತ್ತಿಗೂ ಸಂಭ್ರಮ.

ಈಗ ನಿಮ್ಮ ಮೊಬೈಲಿನ ಹವಾಮಾನದ ಆ್ಯಪ್ ತೆರೆದು ಬೆಂಗಳೂರಿನ ಒತ್ತಡ ನೋಡಿ. 1,010ಕ್ಕಿಂತ ಹೆಚ್ಚೇ ತೋರಿಸುತ್ತಿರಬಹುದು. ಅದು ಸುಳ್ಳಲ್ಲ. ಊರೂರಿನ ಒತ್ತಡ ಹೋಲಿಸಿ ನಕ್ಷೆ ಬರೆಯಲು ಹವಾಮಾನದವರು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ವಿಮಾನ ನಿಲ್ದಾಣದವರು ಪೈಲಟ್‌ಗಳಿಗೆ ಕೊಡುವುದೂ ಅಂಥದೇ ಅಂಕಿ. ಅವರ ಕೆಲಸಕ್ಕೆ ಅದೇ ಸರಿ. ನನ್ನ ಕೆಲಸಕ್ಕೆ ಅದು ವಿಷ.

ಏಕೆಂದರೆ, ಬ್ಯಾರೊಮೀಟರ್ ಕೆಟ್ಟಿದೆಯೆಂದು ಫಿಸಿಸಿಸ್ಟ್ ಒಬ್ಬರು ಆ ಅಂಕಿಯನ್ನೇ ಬರೆದುಕೊಂಡರು ಎನ್ನಿ. ಯಂತ್ರ ಸರಿಯಾಗಿಯೇ ಇರುತ್ತದೆ, ಆದರೆ ಲೆಕ್ಕದಲ್ಲಿ ಶೇ 10ರಷ್ಟು ಕಡಿಮೆ ಕೊಡುತ್ತಿರುವಂತೆ ಕಾಣುತ್ತದೆ. ಅವರು ಒಳ್ಳೆಯ ಉದ್ದೇಶದಿಂದಲೇ ಯಂತ್ರ ಕೊಡುವ ಡೋಸನ್ನು ಏರಿಸುತ್ತಾರೆ. ಮಾರನೆಯ ದಿನದಿಂದ 2 ಗ್ರೇ ಬರೆಸಿಕೊಂಡವರಿಗೆಲ್ಲ 2.2 ಗ್ರೇ ಬೀಳುತ್ತದೆ. 45 ಗ್ರೇಗೆ ನಿಲ್ಲಬೇಕಿದ್ದ ಬೆನ್ನುಹುರಿಯ ಡೋಸ್ 50 ತಲುಪುತ್ತದೆ. ಯಾವ ಅಲಾರಂ ಕೂಗುವುದಿಲ್ಲ, ಯಾವ ರೋಗಿಗೂ ಆವತ್ತು ನೋವಾಗುವುದಿಲ್ಲ. ಇದು ನನ್ನ ಕಲ್ಪನೆಯಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ವಿಕಿರಣ ಚಿಕಿತ್ಸೆಯ ಅವಘಡಗಳನ್ನು ಕಲೆಹಾಕಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ ಎತ್ತರದ ಊರೊಂದರ ಆಸ್ಪತ್ರೆಯಲ್ಲಿ ನಡೆದ ಇಂಥದೇ ಪ್ರಕರಣವಿದೆ.

ಅಳತೆಯೊಂದು ತಪ್ಪಿದರೆ ಅದು ಆ ಯಂತ್ರದ ಕೆಳಗೆ ಮಲಗುವ ಎಲ್ಲರಿಗೂ ಹಂಚಿಹೋಗುತ್ತದೆ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 1988ರಲ್ಲಿ ವಿಕಿರಣ ಚಿಕಿತ್ಸೆಯ ಹೊಸ ಕೋಬಾಲ್ಟ್ ಆಕರವನ್ನು ಅಳೆಯುವಾಗ ಆದ ತಪ್ಪಿನಿಂದ 207 ರೋಗಿಗಳಿಗೆ ಶೇ 25ರಷ್ಟು ಹೆಚ್ಚು ಡೋಸ್ ಬಿತ್ತು. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ರಾಷ್ಟ್ರಮಟ್ಟದ ಹೋಲಿಕೆಯ ಭಾಗವಾಗಿ ಹೊರಗಿನವರು ಬಂದು ಅಳೆದಾಗಲೇ ಅದು ಬಯಲಾದದ್ದು.

ಅದಕ್ಕೇ ನಮ್ಮಲ್ಲಿ ಒಬ್ಬರ ಅಳತೆಯನ್ನು ಒಬ್ಬರೇ ಒಪ್ಪುವಂತಿಲ್ಲ. ನಾನು ಅಳೆದ ಮೇಲೆ ಇನ್ನೊಬ್ಬ ಫಿಸಿಸಿಸ್ಟ್ ಬೇರೆ ಚೇಂಬರ್, ಬೇರೆ ಎಲೆಕ್ಟ್ರೋಮೀಟರ್ ಹಿಡಿದು, ನನ್ನ ಹಾಳೆ ನೋಡದೆ, ಬ್ಯಾರೊಮೀಟರನ್ನೂ ತಾನೇ ಓದಿ ಅಳೆಯಬೇಕು. ವ್ಯತ್ಯಾಸ ಶೇ 1 ಮೀರಿದರೆ ಇಬ್ಬರೂ ಮೊದಲಿನಿಂದ ಶುರುಮಾಡುತ್ತೇವೆ, ಎಷ್ಟೇ ಹೊತ್ತಾಗಲಿ. ಆದರೆ ಇಬ್ಬರೂ ನೋಡುವುದು ಗೋಡೆಯ ಮೇಲಿನ ಒಂದೇ ಬ್ಯಾರೊಮೀಟರ್. ಅದೇ ತಪ್ಪು ತೋರಿಸುತ್ತಿದ್ದರೆ ನಾವಿಬ್ಬರೂ ಚೆಂದವಾಗಿ ಒಂದೇ ತಪ್ಪು ಉತ್ತರಕ್ಕೆ ಬಂದಿರುತ್ತೇವೆ. ಆ ಬಿರುಕನ್ನು ಮುಚ್ಚುವುದು ಅಂಚೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಟಿಎಲ್‌ಡಿ ಎಂಬ ಹರಳಿನ ಪುಡಿ ತುಂಬಿದ ಪುಟ್ಟ ಕ್ಯಾಪ್ಸೂಲುಗಳನ್ನು ದೇಶದೇಶದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸತೊಡಗಿದವು (2017ರಿಂದ ಹರಳಿನ ಬದಲು ಗಾಜಿನ ಮಾಪಕಗಳು ಹೋಗುತ್ತಿವೆ). ನಮ್ಮ ದೇಶದಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಅಂಚೆಯ ಮೂಲಕ ಇಂಥ ತಪಾಸಣೆ ನಡೆಸುತ್ತದೆ. ಹರಳಿನ ಕ್ಯಾಪ್ಸೂಲನ್ನು ನೀರಿನಲ್ಲಿಟ್ಟು, ನಮ್ಮ ಲೆಕ್ಕದ ಪ್ರಕಾರ ಸರಿಯಾಗಿ 2 ಗ್ರೇ ಕೊಟ್ಟು ವಾಪಸು ಕಳಿಸಬೇಕು. ಅಲ್ಲಿ ಅದನ್ನು ಕಾಯಿಸಿ, ಹೊಮ್ಮುವ ಬೆಳಕನ್ನು ಅಳೆದು, ನಿಜಕ್ಕೂ ಎಷ್ಟು ಬಿದ್ದಿತ್ತೆಂದು ಹೇಳುತ್ತಾರೆ. ಘನ ಹರಳಿಗೆ ಊರು ಎಷ್ಟು ಎತ್ತರದಲ್ಲಿದ್ದರೂ ಒಂದೇ, ಗಾಳಿಯ ಒತ್ತಡ ಎಷ್ಟಿದ್ದರೂ ಒಂದೇ. ನಾವು ಒತ್ತಡವನ್ನು ತಪ್ಪಾಗಿ ಹಾಕಿದ್ದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ. ವ್ಯತ್ಯಾಸ ಶೇ 5ರೊಳಗಿದ್ದರೆ ಪಾಸು, ಮೀರಿದರೆ ಕಾರಣ ಹುಡುಕಿ ಮತ್ತೊಂದು ಕ್ಯಾಪ್ಸೂಲಿಗೆ ವಿಕಿರಣ ಕೊಟ್ಟು ಕಳಿಸಬೇಕು.